ಪೆನ್ಸಿಲ್‌ದು ಎಲ್ಲೋಯ್ತು?

ಹೋದ ವರ್ಷ ದಸರಾ ರಜೆಗೆ ಮೈಸೂರಿಗೆ ಹೋದಾಗ ನಾನೊಂದು ಘನಕಾರ್ಯ ಮಾಡಿದೆ. ದೊಡ್ಡಮ್ಮನ ಏಳು ಹಾಡಿನ ಪುಸ್ತಕಗಳನ್ನು ಒಂದು ಟ್ಯಾಬ್ಲೆಟ್‌ಗೆ ಇಳಿಸಿದೆ. ದೊಡ್ಡಮ್ಮ ನಲವತ್ತು ವರ್ಷ ಬೀದಿಯ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟವರು. ಅವರದ್ದು ರಟ್ಟಿನ ಹೊದಿಕೆಯ ಉದ್ದನೆಯ ನೋಟ್‌ಬುಕ್‌ಗಳು. ಹಾಳೆಗಳು ಚಹಾದ ಬಣ್ಣಕ್ಕೆ ತಿರುಗಿದ್ದವು. ಮೂರಕ್ಕೆ ಬೆನ್ನೇ ಇರಲಿಲ್ಲ, ದಾರ ಕಟ್ಟಿ ಇಟ್ಟಿದ್ದರು. ಅವರಿಗೀಗ ಕಣ್ಣು ಸ್ವಲ್ಪ ಮಂಜು, ಅಕ್ಷರ ದೊಡ್ಡದಾಗಿ ಕಾಣಬೇಕು. ಟ್ಯಾಬ್ಲೆಟ್ ಆದ್ರೆ ಎರಡು ಬೆರಳಲ್ಲಿ ಹಿಗ್ಗಿಸಬಹುದು, ಹುಡುಕಬಹುದು, ಭಜನೆಗೆ ಹೋಗುವಾಗ ಚೀಲ ಹೊರಬೇಕಿಲ್ಲ. ಎರಡು ದಿನ ಕೂತು ಫೋನಿನಲ್ಲೇ ಪುಟಪುಟವನ್ನೂ ಸ್ಕ್ಯಾನ್ ಮಾಡಿದೆ. ರಾಗದ ಹೆಸರು, ತಾಳ ಎಲ್ಲ ಹಾಕಿ ಫೈಲುಗಳನ್ನು ಜೋಡಿಸಿದೆ. ಹಳದಿ ಹಾಳೆ ಹಾಲಿನಷ್ಟು ಬಿಳಿ, ಅಕ್ಷರ ಕಡುಗಪ್ಪು. ನನಗೇ ಹೆಮ್ಮೆ.

ದೊಡ್ಡಮ್ಮ ಕನ್ನಡಕ ಏರಿಸಿ ನಾಲ್ಕು ಪುಟ ಸರಿಸಿದರು. 'ಚೆನ್ನಾಗಿದೆ ಕಣೋ' ಅಂದರು. ಆಮೇಲೆ ಸುಮ್ಮನಾದರು. ಇನ್ನೆರಡು ಪುಟ ಹಿಂದಕ್ಕೆ ಹೋದರು. 'ಅಲ್ವೋ, ಪೆನ್ಸಿಲ್‌ದು ಎಲ್ಲೋಯ್ತು?'

ಪೆನ್ಸಿಲ್‌ದು ಇರಲಿಲ್ಲ. ಸ್ಕ್ಯಾನ್ ಮಾಡುವ ಆ್ಯಪ್‌ನಲ್ಲಿ ನಾನು ಕಪ್ಪುಬಿಳುಪು ಆರಿಸಿದ್ದೆ. ಅದು ಮಾಡೋದು ಬಹಳ ಸರಳ ಕೆಲಸ: ಒಂದು ಮಿತಿಗಿಂತ ಕಡು ಇರೋದನ್ನೆಲ್ಲ ಕಪ್ಪು ಮಾಡುತ್ತೆ, ತಿಳಿ ಇರೋದನ್ನೆಲ್ಲ ಬಿಳಿ ಮಾಡುತ್ತೆ. ಹಳದಿ ಹಾಳೆಯೂ ಮಾಸಿದ ಪೆನ್ಸಿಲ್ಲೂ ಒಟ್ಟಿಗೆ ಬಿಳಿಯಾಗಿಬಿಟ್ಟಿದ್ದವು. ಶಾಯಿಯಲ್ಲಿದ್ದ ಸಾಹಿತ್ಯ, ಸ್ವರ ಉಳಿದಿತ್ತು. ಆದರೆ ನಲವತ್ತು ವರ್ಷ ಅದರ ಮೇಲೆ ದೊಡ್ಡಮ್ಮ ಬರೆದಿದ್ದ ಸೊಟ್ಟ ಗೆರೆ, ಬಾಗು, 'ಇಲ್ಲಿ ನಿಲ್ಲು', 'ನಿಷಾದ ಮುಟ್ಟಿ ಬಾ', ಎಲ್ಲವೂ ಹೋಗಿತ್ತು. ಅಷ್ಟು ಹೊತ್ತಿಗೆ ದಾರ ಕಟ್ಟಿದ್ದ ಆ ಮೂರು ಪುಸ್ತಕಗಳು ನನ್ನ ಕೈಯಿಂದಲೇ ರದ್ದಿಯವನ ತಕ್ಕಡಿ ಹತ್ತಿದ್ದವು.

ಬೆಂಗಳೂರಿಗೆ ವಾಪಸ್ಸು ಬಂದ ಮೇಲೆ ನನಗೆ ಒಂದೇ ಹುಚ್ಚು. ಹಾಡು ಹಾಳೆಯಿಂದ ಹಾಳೆಗೆ ಮನೆ ಬದಲಾಯಿಸಿದ್ದು ಇದೇ ಮೊದಲಲ್ಲವಲ್ಲ. ಹಿಂದಿನವರು ಆ ಸಾಮಾನು ಸಾಗಿಸುವಾಗ ಏನೇನು ಬಿಟ್ಟು ಬಂದರು? ಓದುತ್ತಾ ಹೋದರೆ, ನನ್ನ ತಪ್ಪು ಬಹಳ ಹಳೆಯದು.

ಯುರೋಪಿನಿಂದ ಶುರು ಮಾಡೋಣ. ಇವತ್ತು ಪಿಯಾನೋದವರು ನೋಡಿಕೊಂಡು ನುಡಿಸುವ ಗೆರೆಗಳಿವೆಯಲ್ಲ, ಆ ಪದ್ಧತಿಯನ್ನು ನೆಲೆಗೊಳಿಸಿದವನು ಹನ್ನೊಂದನೇ ಶತಮಾನದ ಇಟಲಿಯ ಸನ್ಯಾಸಿ, ಅರೆತ್ಸೊ ಊರಿನ ಗೈಡೋ. ಅವನಿಗಿಂತ ಮುಂಚೆ ಚರ್ಚಿನ ಹಾಡಿನ ಮೇಲೆ ಚಿಕ್ಕ ಚಿಕ್ಕ ಕೊಕ್ಕೆ, ಚುಕ್ಕೆ ಹಾಕುತ್ತಿದ್ದರು. ದನಿ ಏರುತ್ತೋ ಇಳಿಯುತ್ತೋ ಅಂತ ಗೊತ್ತಾಗುತ್ತಿತ್ತು, ಎಷ್ಟು ಅಂತ ಗೊತ್ತಾಗುತ್ತಿರಲಿಲ್ಲ. ಮೊದಲೇ ಹಾಡು ಬಾಯಿಗೆ ಬಂದವನಿಗೆ ಮಾತ್ರ ಅದು ಜ್ಞಾಪಕದ ಗಂಟು. ಗೈಡೋ ಗೆರೆ ಎಳೆದ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ ಬಳಿದ. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯುತ್ತದೆ ಎಂದು ತಾನೇ ಬರೆದುಕೊಂಡ. ಕೇಳದ ಹಾಡನ್ನೂ ನೋಡಿ ಹಾಡಬಹುದು! ದೊಡ್ಡ ಲಾಭವೇ.

ಆದರೆ ಆ ಹಳೆಯ ಕೊಕ್ಕೆಗಳಲ್ಲಿ ಬೇರೆ ವಿಷಯಗಳೂ ಇದ್ದವು: ಎಲ್ಲಿ ಎಳೆಯಬೇಕು, ಎಲ್ಲಿ ಹಗುರ ಮಾಡಬೇಕು, ಎಲ್ಲಿ ದನಿ ನಡುಗಬೇಕು ಅನ್ನೋದು. ಗೆರೆಗಳ ಮೇಲೆ ಅವುಗಳಲ್ಲಿ ಬಹುಪಾಲಿಗೆ ಜಾಗ ಸಿಗಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಸೊಲೆಂ ಮಠದ ಸನ್ಯಾಸಿಗಳು ಊರೂರಿನ ಹಸ್ತಪ್ರತಿ ಕೂಡಿಸಿ, ಒಂದಕ್ಕೊಂದು ಹೋಲಿಸಿ, ಆ ಕೊಕ್ಕೆಗಳ ಅರ್ಥ ಹುಡುಕಬೇಕಾಯಿತು. 1889ರಿಂದ ಅವುಗಳ ಫೋಟೋಗಳನ್ನೇ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಎಂಟುನೂರು ವರ್ಷದ ಹಿಂದೆ ಕೈಬಿಟ್ಟಿದ್ದನ್ನು ಹುಡುಕಲು ಹಳೆಯ ಹಾಳೆಯೇ ಬೇಕಾಯಿತು. ಹಾಳೆ ಇತ್ತು, ಪುಣ್ಯ.

ನಮ್ಮಲ್ಲಿ ಆ ಪುಣ್ಯ ಕಡಿಮೆ. ದಾಸರ ಪದಗಳನ್ನೇ ತಗೊಳ್ಳಿ. ಹದಿನಾರನೇ ಶತಮಾನದ ಪುರಂದರದಾಸರ ಪದಗಳು ಬಾಯಿಂದ ಬಾಯಿಗೆ ಬಂದವು, ಜೊತೆಗೆ ತಾಳೆಗರಿಗೂ ಕೈಬರಹದ ಕಾಗದಕ್ಕೂ ಇಳಿದವು. ತಾಳೆಗರಿಯಲ್ಲಿ ಬರೆಯೋದು ಅಂದ್ರೆ ಲೋಹದ ಕಂಠದಿಂದ ಕೊರೆಯೋದು, ಆಮೇಲೆ ಮಸಿ ಉಜ್ಜೋದು. ಗರಿ ಕಿರಿದು, ಕೆಲಸ ನಿಧಾನ. ಹಾಗಾಗಿ ಪದದ ಸಾಹಿತ್ಯ, ತಲೆಯ ಮೇಲೆ ರಾಗ ತಾಳದ ಹೆಸರು, ಅಷ್ಟೇ. ಧಾಟಿ ಯಾರು ಬರೀತಾರೆ? ಅದು ಎಲ್ಲರಿಗೂ ಗೊತ್ತಿತ್ತಲ್ಲ!

1850ರ ಹೊತ್ತಿಗೆ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. 1843ರಲ್ಲಿ 'ಮಂಗಳೂರು ಸಮಾಚಾರ' ಪತ್ರಿಕೆ ತಂದವರೂ ಇವರೇ. ಪದಗಳು ಪುಸ್ತಕವಾಗಿ ಉಳಿದವು, ಅದಕ್ಕೆ ನಾವು ಋಣಿಗಳು. ಆದರೆ ಅಚ್ಚಾಗಿದ್ದೂ ಸಾಹಿತ್ಯವೇ. ಇವತ್ತು ಕಛೇರಿಯಲ್ಲೋ ಯೂಟ್ಯೂಬ್‌ನಲ್ಲೋ ನೀವು ಕೇಳುವ ದೇವರನಾಮಗಳಲ್ಲಿ ಹೆಚ್ಚಿನವುಗಳ ಧಾಟಿ ದಾಸರದ್ದಲ್ಲ, ಇಪ್ಪತ್ತನೇ ಶತಮಾನದ ವಿದ್ವಾಂಸರು ಕೂಡಿಸಿದ್ದು. ಒಂದೇ ಪದ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರಾಗ. ಕೇಳೋಕೆ ಚೆನ್ನಾಗಿರುತ್ತೆ, ಅದು ಬೇರೆ ಮಾತು. ಆದರೆ ಪುರಂದರದಾಸರು ತಂಬೂರಿ ಮೀಟಿ ಹಾಡಿದ್ದು ಹೇಗಿತ್ತು ಅಂತ ಹೇಳುವ ಹಾಳೆ ನಮ್ಮ ಹತ್ತಿರ ಇಲ್ಲ.

ತಮಾಷೆ ಅಂದ್ರೆ, ಅವರದ್ದೇ ಎಂದು ಪರಂಪರೆ ಹೇಳುವ ಸರಳೆ ವರಸೆ, ಜಂಟಿ ವರಸೆ, ಪಿಳ್ಳಾರಿ ಗೀತೆಗಳು ಸ್ವರದ ಸಮೇತ ಉಳಿದುಬಂದಿವೆ. ಯಾಕೆ? ಅವು ದಿನಾ ಪಾಠವಾಗುತ್ತಿದ್ದವು. ಬೆಳಿಗ್ಗೆ ಎದ್ದು ಮಾಯಾಮಾಳವಗೌಳದಲ್ಲಿ ಸರಿಗಮ ಹೇಳುವ ಮಕ್ಕಳು ಪ್ರತಿ ತಲೆಮಾರಿನಲ್ಲೂ ಇದ್ದರು. ಹಾಳೆಯಲ್ಲಿ ಇಲ್ಲದ್ದು ಬಾಯಲ್ಲಾದರೂ ಇರಬೇಕು. ಎರಡೂ ಕಡೆ ಇಲ್ಲದ್ದು ಹೋಯಿತು.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ತಮಿಳುನಾಡಿನ ಎಟ್ಟಯಪುರದಲ್ಲಿದ್ದ ಸುಬ್ಬರಾಮ ದೀಕ್ಷಿತರು. ಮುತ್ತುಸ್ವಾಮಿ ದೀಕ್ಷಿತರ ಮನೆತನದವರು, ಹಾಗಾಗಿ ಮನೆಯ ಆಸ್ತಿಯಾಗಿ ಕೃತಿಗಳು ಬಾಯಲ್ಲಿದ್ದವು. ಮದ್ರಾಸಿನ ಚಿನ್ನಸ್ವಾಮಿ ಮುದಲಿಯಾರ್ ಎಂಬ ಪಾಶ್ಚಾತ್ಯ ಸಂಗೀತ ಬಲ್ಲವರು ಇದನ್ನೆಲ್ಲ ಬರೆದಿಡಿ ಅಂತ ಬೆನ್ನು ಬಿದ್ದರು. ಎಟ್ಟಯಪುರದ ಅರಸರು ಖರ್ಚು ಹೊತ್ತರು. 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ತೆಲುಗು ಲಿಪಿಯಲ್ಲಿ ಹೊರಬಂತು. ಮುತ್ತುಸ್ವಾಮಿ ದೀಕ್ಷಿತರ ಇನ್ನೂರಕ್ಕೂ ಹೆಚ್ಚು ಕೃತಿಗಳು ಸ್ವರದ ಸಮೇತ ಅದರಲ್ಲಿವೆ.

ಅದರ ಪುಟ ನೋಡಿದರೆ ನಿಮಗೆ ಗೊತ್ತಾಗುತ್ತೆ, ಸ್ವರದ ಮೇಲೆಲ್ಲ ವಿಚಿತ್ರ ಗುರುತುಗಳು. ಕಂಪಿತಕ್ಕೆ ಒಂದು, ಸ್ಫುರಿತಕ್ಕೆ ಒಂದು, ಜಾರಿಗೆ ಒಂದು. ಗಮಕಗಳಿಗೆಲ್ಲ ಹೀಗೆ ಬೇರೆ ಬೇರೆ ಚಿಹ್ನೆ. ನಮ್ಮ ಸಂಗೀತದಲ್ಲಿ 'ಗ' ಅಂತ ಬರೆದುಬಿಟ್ಟರೆ ಏನೂ ಹೇಳಿದ ಹಾಗಾಗಲ್ಲ. ಆ ಗಾಂಧಾರವನ್ನು ಅಲ್ಲಾಡಿಸಬೇಕೋ, ಜಾರಿಸಬೇಕೋ, ಸುಮ್ಮನೆ ನಿಲ್ಲಿಸಬೇಕೋ, ರಾಗ ಇರೋದೇ ಅಲ್ಲಿ. ದೀಕ್ಷಿತರಿಗೆ ಆಗ ಅರವತ್ತೈದರ ಆಸುಪಾಸು. ಎರಡು ವರ್ಷ ಕಳೆದು 1906ರಲ್ಲಿ ತೀರಿಕೊಂಡರು. ಆ ಪುಸ್ತಕ ಎರಡು ವರ್ಷ ತಡವಾಗಿದ್ದರೆ?

ದುಃಖದ ವಿಷಯ ಏನಪ್ಪಾ ಅಂದ್ರೆ, ಅಚ್ಚಿನವರಿಗೆ ಆ ಚಿಹ್ನೆಗಳು ಕಷ್ಟ, ಓದುವವರಿಗೂ ಕಷ್ಟ. ಆಮೇಲೆ ಬಂದ ಹೆಚ್ಚಿನ ಪಾಠದ ಪುಸ್ತಕಗಳಲ್ಲಿ ಅವು ಇಲ್ಲ. ಸ್ವರ, ಸ್ಥಾಯಿಗೆ ಚುಕ್ಕೆ, ಎಳೆತಕ್ಕೆ ಅಲ್ಪವಿರಾಮ ಅರ್ಧವಿರಾಮ, ಅಷ್ಟಕ್ಕೇ ಮುಗೀತು. ಗಮಕ ಗುರುಮುಖಕ್ಕೆ ಬಿಟ್ಟಿದ್ದು. ಅಚ್ಚಿನ ಪುಸ್ತಕ ಬಿಟ್ಟ ಆ ಜಾಗ ತುಂಬಿದ್ದು ಯಾವುದು ಗೊತ್ತಾ? ಪಾಠ ಹೇಳುವವರ, ಕಲಿಯುವವರ ನೋಟ್‌ಬುಕ್ಕಿನ ಪೆನ್ಸಿಲ್. ಗುರು ಹೇಳಿದ ತಕ್ಷಣ ಸ್ವರದ ನೆತ್ತಿಯ ಮೇಲೆ ಒಂದು ಬಾಗು ಗೀಚಿಕೊಳ್ಳೋದು. ಯಾವ ಪುಸ್ತಕದಲ್ಲೂ ಇಲ್ಲದ ಚಿಹ್ನೆ, ಬರೆದವರಿಗೆ ಮಾತ್ರ ಗೊತ್ತು. ದೊಡ್ಡಮ್ಮನ ಪೆನ್ಸಿಲ್ ಅದೇ.

ಈಗ ಟ್ಯಾಬ್ಲೆಟ್‌ಗೆ ಬರೋಣ. ಇದರ ಕಥೆ ವೇದಿಕೆಯ ಮೇಲೆ ಶುರುವಾದದ್ದು ಪಾಶ್ಚಾತ್ಯ ಸಂಗೀತದಲ್ಲಿ, ಯಾಕಂದ್ರೆ ಹಾಳೆ ಇಲ್ಲದೆ ಅವರ ಆರ್ಕೆಸ್ಟ್ರಾ ಕದಲೋದೇ ಇಲ್ಲ. ಅಲ್ಲಿ ಇಬ್ಬರು ವಯೊಲಿನಿನವರಿಗೆ ಒಂದು ಸ್ಟ್ಯಾಂಡ್. ಪುಟ ತಿರುಗಿಸಬೇಕಾದಾಗ ಒಬ್ಬರು ನುಡಿಸೋದು ನಿಲ್ಲಿಸಿ ಕೈ ಚಾಚಬೇಕು. ಪ್ರತಿಯೊಬ್ಬರಿಗೂ ಅವರವರ ಪಾಲಿನ ಸ್ವರ ಮಾತ್ರ ಕೊಡುವ ಪದ್ಧತಿಗೂ ಮುಖ್ಯ ಕಾರಣ ಪುಟದ ಲೆಕ್ಕ. ಎಲ್ಲರ ಸ್ವರ ಇರುವ ಪೂರ್ತಿ ಹಾಳೆ ಕೊಟ್ಟರೆ ಪುಟ ಮಗುಚೋದೇ ಕೆಲಸವಾದೀತು.

ಅಮೆರಿಕದ ಬೊರೊಮಿಯೊ ಸ್ಟ್ರಿಂಗ್ ಕ್ವಾರ್ಟೆಟ್ ಐಪ್ಯಾಡ್ ಬರುವ ಮುಂಚೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಾಲಿನಲ್ಲಿ ಪೆಡಲ್ ಒತ್ತಿ ಪುಟ ತಿರುಗಿಸುತ್ತಾ ಕಛೇರಿ ಮಾಡಿತು. ನಾಲ್ವರೂ ತಮ್ಮ ಪಾಲನ್ನಷ್ಟೇ ಅಲ್ಲ, ನಾಲ್ಕೂ ಜನರ ಸ್ವರವನ್ನು ಒಟ್ಟಿಗೆ ನೋಡುತ್ತಾ ನುಡಿಸಿದರು. ಪಕ್ಕದವರು ಈಗ ಏನು ಮಾಡ್ತಿದಾರೆ ಅಂತ ಕಣ್ಣೆದುರೇ ಇರುತ್ತೆ. ಕಾಗದದಲ್ಲಿ ಕಳೆದುಕೊಂಡದ್ದೊಂದು ತೆರೆಯ ಮೇಲೆ ವಾಪಸ್ಸು ಬಂತು. 2010ರಲ್ಲಿ ಐಪ್ಯಾಡ್ ಬಂತು. 2012ರಲ್ಲಿ ಬ್ರಸೆಲ್ಸ್ ಫಿಲ್ಹಾರ್ಮೋನಿಕ್ ಎಂಬ ದೊಡ್ಡ ಆರ್ಕೆಸ್ಟ್ರಾ ಕಾಗದ ಬದಿಗಿಟ್ಟು ಸ್ಯಾಮ್‌ಸಂಗ್ ಟ್ಯಾಬ್ಲೆಟ್ ಹಿಡಿದು ವೇದಿಕೆ ಹತ್ತಿತು. ವರ್ಷಕ್ಕೆ 25,000 ಯುರೋ ಉಳಿತಾಯ ಅಂತ ಅವರ ಅಂದಾಜು. ಅದರಲ್ಲಿ ನನಗೆ ಇಷ್ಟವಾದ ಸಂಗತಿ ದುಡ್ಡಿನದ್ದಲ್ಲ. ಅವರ ತಂತ್ರಾಂಶದಲ್ಲಿ ತೆರೆಯ ಮೇಲೆ ಗುರುತು ಹಾಕಬಹುದು, ಹಾಕಿದ್ದನ್ನು ಹಂಚಿಕೊಳ್ಳಬಹುದು. ಪೆನ್ಸಿಲ್ ಅನ್ನು ಅವರು ಮರೆಯಲಿಲ್ಲ.

ಮರೆಯೋದು ಹೇಗೆ? ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ 2011ರಲ್ಲಿ ತನ್ನ ಹಳೆಯ ದಾಖಲೆಗಳನ್ನು ಅಂತರ್ಜಾಲಕ್ಕೆ ಹಾಕಲು ಶುರು ಮಾಡಿತು. ಅದರಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಬಳಸಿದ ಸ್ವರಪುಸ್ತಕಗಳಿವೆ. ಅಚ್ಚಾದ ಸ್ವರ ಯಾವ ಅಂಗಡಿಯಲ್ಲಾದರೂ ಸಿಗುತ್ತೆ. ಅವರು ಹಾಳೆ ಹಾಳೆಯನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದು ಬರ್ನ್‌ಸ್ಟೈನ್ ಕೈಯ ಕೆಂಪು ನೀಲಿ ಪೆನ್ಸಿಲ್‌ಗೋಸ್ಕರ. ನೀಲಿ ತನಗೆ, ಕೆಂಪು ವಾದ್ಯದವರ ಹಾಳೆಗೆ ನಕಲು ಮಾಡಿಸಲು. ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ್ದರೆ ಆ ವ್ಯತ್ಯಾಸವೇ ಹೋಗುತ್ತಿತ್ತು. ನಾನು ಇದನ್ನು ಓದಿದ್ದು ರದ್ದಿಯವನು ಹೋದ ಮೇಲೆ.

ಹಾಗಂತ ಕಾಗದವೇ ಶ್ರೇಷ್ಠ ಅಂತ ನಾನು ಹೇಳ್ತಿಲ್ಲ. ಕಾಗದಕ್ಕೆ ಗೆದ್ದಲಿದೆ, ಮಳೆಯಿದೆ, ರದ್ದಿಯಿದೆ. ದೀಕ್ಷಿತರ 1904ರ ಪುಸ್ತಕ ಇವತ್ತು ನಿಮ್ಮ ನನ್ನಂಥವರಿಗೆ ಪಿಡಿಎಫ್ ಆಗಿ ಸಿಗೋದೂ ಸ್ಕ್ಯಾನಿನಿಂದಲೇ. ತಾಳೆಗರಿಯೂ, ಅಚ್ಚೂ, ಟ್ಯಾಬ್ಲೆಟ್ಟೂ ತಪ್ಪು ಮಾಡಲಿಲ್ಲ. ಸಾಗಿಸುವವರು ಪ್ರತಿ ಸಲವೂ 'ಇದು ಎಲ್ಲರಿಗೂ ಗೊತ್ತಿರೋದೇ' ಅಂದುಕೊಂಡದ್ದನ್ನು ಬಿಟ್ಟರು. ನಾನಂತೂ ಅಷ್ಟೂ ಯೋಚಿಸಲಿಲ್ಲ, ಅದನ್ನು ಕಲೆ ಅಂದುಕೊಂಡೆ. ನಿಮ್ಮ ಮನೆಯಲ್ಲೂ ಅಮ್ಮನದ್ದೋ ಅಜ್ಜಿಯದ್ದೋ ಹಾಡಿನ ಪುಸ್ತಕ ಇದ್ದರೆ, ಒಂದೇ ಮಾತು: ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಎಸೀಬೇಡಿ, ಮತ್ತು ಆ ಗೀಚಿನ ಅರ್ಥ ಏನು ಅಂತ ಬರೆದವರನ್ನೇ ಕೇಳಿ.

ಉಳಿದ ನಾಲ್ಕು ಪುಸ್ತಕಗಳನ್ನು ಮತ್ತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದೇನೆ. ಹೋದ ಮೂರರ ಕಥೆ ಬೇರೆ. ಭಾನುವಾರ ಬೆಳಿಗ್ಗೆ ವೀಡಿಯೋ ಕಾಲ್ ಮಾಡ್ತೀನಿ. ದೊಡ್ಡಮ್ಮ ಒಂದೊಂದೇ ಸಾಲು ಹಾಡ್ತಾರೆ, ನಾನು ಟ್ಯಾಬ್ಲೆಟ್ ಮೇಲೆ ಸ್ಟೈಲಸ್ ಹಿಡಿದು ಗುರುತು ಹಾಕ್ತೀನಿ. ಅವರ ಬಾಗು ಹೇಗಿತ್ತೋ ಹಾಗೇ ಬರೆಯೋಕೆ ನೋಡ್ತೀನಿ, ಸೊಟ್ಟ ಆಗುತ್ತೆ. 'ಅಷ್ಟು ಉದ್ದ ಅಲ್ವೋ, ಮುಟ್ಟಿ ಬಿಡು' ಅಂತ ಬೈತಾರೆ. ಕೆಲವು ಕಡೆ ಹಾಡು ನಿಲ್ಲಿಸಿ, 'ಇಲ್ಲಿ ಏನೋ ಬರೆದಿದ್ದೆ ಕಣೋ, ಜ್ಞಾಪಕ ಬರ್ತಿಲ್ಲ' ಅಂತಾರೆ. ಅಲ್ಲಿ ನಾನು ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದಕ್ಕೆ ಹೋಗ್ತೀನಿ. ಇಲ್ಲಿಯವರೆಗೆ ಹದಿನೇಳು ಹಾಡು ಆಗಿವೆ. ಪ್ರಶ್ನೆ ಚಿಹ್ನೆಗಳನ್ನು ಎಣಿಸಿಲ್ಲ.