ಪಾಲಿಮರ್ ಮಿಶ್ರಣಗಳು ಹಾಗೂ ಅಯಾನೋಮರ್‌ಗಳು: ಪ್ಲಾಸ್ಟಿಕ್ ಮರುಸಂಸ್ಕರಣಾ ಘಟಕಗಳ ಅರ್ಜಿದಾರರ ಮಾಹಿತಿಗಾಗಿ

ಪೀಠಿಕೆ

ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮಗಳು, 2016ರ ಅನ್ವಯ ಪ್ಲಾಸ್ಟಿಕ್ ತ್ಯಾಜ್ಯವನ್ನು ಮರುಸಂಸ್ಕರಿಸುವ ಘಟಕಗಳು ನೋಂದಣಿ ಪಡೆಯುವುದು ಕಡ್ಡಾಯವಾಗಿರುತ್ತದೆ. ವಿವಿಧ ಬಗೆಯ ಪ್ಲಾಸ್ಟಿಕ್‌ಗಳನ್ನು ಒಟ್ಟಿಗೆ ಕರಗಿಸಿದಲ್ಲಿ ಏಕರೂಪದ ವಸ್ತು ದೊರೆಯುವುದೆಂದು ಭಾವಿಸಿ ಯಂತ್ರೋಪಕರಣಗಳಿಗೆ ಬಂಡವಾಳ ಹೂಡಿದರೆ ನಷ್ಟವಾಗುವ ಸಂಭವವಿರುತ್ತದೆ. ಆದುದರಿಂದ ಪಾಲಿಮರ್ ಮಿಶ್ರಣಗಳ ರಚನೆ ಮತ್ತು ಗುಣಗಳ ಕುರಿತಾದ ಪ್ರಾಥಮಿಕ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ಪಾಲಿಮರ್ ಮಿಶ್ರಣಗಳ ಸ್ವರೂಪ

ಪಾಲಿಮರ್ ಎಂಬುದು ಸಾವಿರಾರು ಘಟಕಗಳು ಸರಪಳಿಯಂತೆ ಜೋಡಣೆಗೊಂಡ ಉದ್ದನೆಯ ಅಣು. ಸಣ್ಣ ಅಣುಗಳ ದ್ರವಗಳು ಸಾಮಾನ್ಯವಾಗಿ ಒಂದರೊಳಗೊಂದು ಸುಲಭವಾಗಿ ಬೆರೆಯುತ್ತವೆ. ಉದ್ದನೆಯ ಸರಪಳಿಗಳು ಹಾಗೆ ಮುಕ್ತವಾಗಿ ಹಂಚಿಕೆಯಾಗಲಾರವು. ಎರಡು ಪಾಲಿಮರ್‌ಗಳ ನಡುವೆ ಅಲ್ಪ ಪ್ರಮಾಣದ ವಿಕರ್ಷಣೆ ಇದ್ದರೂ ಅವು ಬೇರ್ಪಡುತ್ತವೆ. ಪರಿಣಾಮವಾಗಿ ಒಂದು ಪಾಲಿಮರ್ ಮತ್ತೊಂದರೊಳಗೆ ಸೂಕ್ಷ್ಮ ಹನಿಗಳ ರೂಪದಲ್ಲಿ ಉಳಿದು, ತಣ್ಣಗಾದಾಗ ಅದೇ ಸ್ಥಿತಿಯಲ್ಲಿ ಗಟ್ಟಿಯಾಗುತ್ತದೆ. ಹನಿಗಳ ಅಂಚಿನಲ್ಲಿ ಬಂಧ ದುರ್ಬಲವಾಗಿರುವುದರಿಂದ ಹೊರೆ ಬಿದ್ದಾಗ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ.

ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ನೋಟಕ್ಕೆ ಒಂದೇ ತೆರನಾಗಿದ್ದರೂ ಪರಸ್ಪರ ಬೆರೆಯುವುದಿಲ್ಲ. ಪಾಲಿಫಿನಿಲೀನ್ ಆಕ್ಸೈಡ್ ಮತ್ತು ಪಾಲಿಸ್ಟೈರೀನ್ ಪೂರ್ಣವಾಗಿ ಬೆರೆಯುತ್ತವೆ. ಈ ಮಿಶ್ರಣವು 1960ರ ದಶಕದಿಂದ ನೊರಿಲ್ ಎಂಬ ವ್ಯಾಪಾರನಾಮದಲ್ಲಿ ಬಳಕೆಯಲ್ಲಿದೆ. ಇಂತಹ ಜೋಡಿಗಳು ವಿರಳ.

2. ಅಯಾನೋಮರ್‌ಗಳ ರಚನೆ

ಸರಪಳಿಯಲ್ಲಿ ಅಲ್ಪ ಪ್ರಮಾಣದ ಅಯಾನಿಕ ಗುಂಪುಗಳನ್ನು ಹೊಂದಿರುವ ಪಾಲಿಮರ್‌ಗಳಿಗೆ ಅಯಾನೋಮರ್ ಎಂದು ಹೆಸರು. ಎಥಿಲೀನ್ ಮತ್ತು ಮೆಥಾಕ್ರಿಲಿಕ್ ಆಮ್ಲದ ಸಹಪಾಲಿಮರ್‌ನಲ್ಲಿನ ಆಮ್ಲದ ಒಂದು ಭಾಗವನ್ನು ಸೋಡಿಯಂ ಅಥವಾ ಸತುವಿನಿಂದ ತಟಸ್ಥಗೊಳಿಸಿ ಇದನ್ನು ತಯಾರಿಸಲಾಗುತ್ತದೆ. ಡ್ಯೂಪಾಂಟ್ ಸಂಸ್ಥೆಯು 1960ರ ದಶಕದಲ್ಲಿ ಸರ್ಲಿನ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು.

ವಿದ್ಯುದಾವೇಶವುಳ್ಳ ಗುಂಪುಗಳು ಎಣ್ಣೆಯಂತಹ ಪಾಲಿಎಥಿಲೀನ್ ಭಾಗದಿಂದ ದೂರ ಸರಿದು ತಮ್ಮತಮ್ಮಲ್ಲೇ ಗುಂಪುಗೂಡುತ್ತವೆ. ಈ ಕೂಟಗಳಿಗೆ ಎ. ಐಸೆನ್‌ಬರ್ಗ್ ಅವರು 1970ರಲ್ಲಿ ಮಲ್ಟಿಪ್ಲೆಟ್ ಎಂದು ಹೆಸರಿಸಿದರು. ಕೂಟದ ಸುತ್ತಲಿನ ಸರಪಳಿಗಳ ಚಲನೆ ಕುಂಠಿತವಾಗುತ್ತದೆ ಹಾಗೂ ಇಂತಹ ಪ್ರದೇಶಗಳು ಒಂದರ ಮೇಲೊಂದು ಬಂದಾಗ ಕ್ಲಸ್ಟರ್‌ಗಳು ಏರ್ಪಡುತ್ತವೆ ಎಂಬುದನ್ನು 1990ರಲ್ಲಿ ಪ್ರಕಟವಾದ ಐಸೆನ್‌ಬರ್ಗ್, ಹರ್ಡ್ ಮತ್ತು ಮೂರ್ ಅವರ ಮಾದರಿಯು ವಿವರಿಸುತ್ತದೆ.

ಸಾಮಾನ್ಯ ತಾಪಮಾನದಲ್ಲಿ ಈ ಕೂಟಗಳು ಸರಪಳಿಗಳನ್ನು ಗಂಟು ಹಾಕಿದಂತೆ ಹಿಡಿದಿಡುತ್ತವೆ. ಕಾಯಿಸಿದಾಗ ಗಂಟುಗಳು ಸಡಿಲಗೊಳ್ಳುವುದರಿಂದ ವಸ್ತುವನ್ನು ಸಾಮಾನ್ಯ ಯಂತ್ರಗಳಲ್ಲಿಯೇ ಅಚ್ಚು ಹಾಕಬಹುದಾಗಿದೆ. ಪಾರದರ್ಶಕತೆ, ಗಡಸುತನ ಹಾಗೂ ಜಿಡ್ಡಿದ್ದರೂ ಬಿಸಿಯಿಂದ ಅಂಟಿಕೊಳ್ಳುವ ಗುಣಗಳಿಂದಾಗಿ ಮಾಂಸ, ಚೀಸ್ ಮೊದಲಾದವುಗಳ ಪೊಟ್ಟಣಗಳ ಒಳಪದರದಲ್ಲಿಯೂ ಗಾಲ್ಫ್ ಚೆಂಡಿನ ಹೊರಕವಚದಲ್ಲಿಯೂ ಇದನ್ನು ಬಳಸಲಾಗುತ್ತದೆ. ಇದು ತೇವಾಂಶವನ್ನು ಹೀರಿಕೊಳ್ಳುವುದರಿಂದ ಒಣ ಸ್ಥಳದಲ್ಲಿ ಸಂಗ್ರಹಿಸತಕ್ಕದ್ದು.

3. ಮಿಶ್ರಣಗಳಲ್ಲಿ ಅಯಾನೋಮರ್‌ನ ಪಾತ್ರ

ನೈಲಾನ್ ಮತ್ತು ಪಾಲಿಎಥಿಲೀನ್ ಮಿಶ್ರಣಕ್ಕೆ ಸತುವಿನ ಅಯಾನೋಮರ್ ಸೇರಿಸಿದಾಗ, ಅದರ ಅಯಾನಿಕ ಭಾಗವು ನೈಲಾನ್‌ನ ಅಮೈಡ್ ಗುಂಪುಗಳೊಂದಿಗೂ ಉಳಿದ ಭಾಗವು ಪಾಲಿಎಥಿಲೀನ್‌ನೊಂದಿಗೂ ಹೊಂದಿಕೊಳ್ಳುತ್ತದೆ. ಇದರಿಂದ ಹನಿಗಳು ಚಿಕ್ಕದಾಗಿ, ಅಂಚಿನ ಬಂಧ ಬಲಗೊಳ್ಳುತ್ತದೆ. ಇಂತಹ ದ್ರವ್ಯಗಳನ್ನು ಕಂಪ್ಯಾಟಿಬಿಲೈಸರ್ ಎಂದು ಕರೆಯಲಾಗುತ್ತದೆ. ಪಾಲಿಪ್ರೊಪಿಲೀನ್‌ನಲ್ಲಿ ಅಯಾನಿಕ ಭಾಗವನ್ನು ಹಿಡಿದುಕೊಳ್ಳುವಂತಹ ಗುಂಪುಗಳಿರುವುದಿಲ್ಲ. ಎಲ್ಲಾ ಜೋಡಿಗಳಿಗೂ ಅನ್ವಯಿಸುವ ಒಂದೇ ದ್ರವ್ಯ ಇರುವುದಿಲ್ಲವಾದ್ದರಿಂದ, ಇವುಗಳ ಬಳಕೆಯು ವಿಂಗಡಣೆಗೆ ಪರ್ಯಾಯವಾಗುವುದಿಲ್ಲ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ವಸ್ತುಗಳ ಮೇಲಿನ ತ್ರಿಕೋನ ಚಿಹ್ನೆಯೊಳಗಿನ 1ರಿಂದ 7ರವರೆಗಿನ ಸಂಖ್ಯೆಯನ್ನು ನೋಡಿ ವಿಂಗಡಿಸತಕ್ಕದ್ದು. ಸಂಖ್ಯೆ 1 ಪೆಟ್, 2 ಮತ್ತು 4 ಪಾಲಿಎಥಿಲೀನ್, 3 ಪಿವಿಸಿ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್ ಆಗಿರುತ್ತದೆ. ಮಿಶ್ರಣಗಳು, ಅಯಾನೋಮರ್ ಹಾಗೂ ಬಹುಪದರದ ವಸ್ತುಗಳು ಸಂಖ್ಯೆ 7ರಡಿ ಬರುತ್ತವೆ.

ಆ) ನೀರಿನ ತೊಟ್ಟಿಯಲ್ಲಿ ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎರಡೂ ತೇಲುತ್ತವೆ, ಪೆಟ್ ಮತ್ತು ಪಿವಿಸಿ ಎರಡೂ ಮುಳುಗುತ್ತವೆ. ಆದುದರಿಂದ ಈ ವಿಧಾನವೊಂದೇ ಸಾಲದು.

ಇ) ಪೆಟ್ ಕರಗುವ ಸುಮಾರು 250 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಪಿವಿಸಿ ವಿಘಟನೆಗೊಂಡು ಹೈಡ್ರೋಕ್ಲೋರಿಕ್ ಆಮ್ಲದ ಅನಿಲವನ್ನು ಹೊರಸೂಸುತ್ತದೆ. ಇದು ಪೆಟ್‌ನ ಸರಪಳಿಗಳನ್ನು ತುಂಡರಿಸುವುದಲ್ಲದೆ ಯಂತ್ರಗಳಿಗೂ ಕೆಲಸಗಾರರ ಆರೋಗ್ಯಕ್ಕೂ ಹಾನಿಕರ. ಆದುದರಿಂದ ಪೆಟ್‌ನಲ್ಲಿ ಪಿವಿಸಿ ಅಲ್ಪ ಪ್ರಮಾಣದಲ್ಲಿಯೂ ಸೇರದಂತೆ ಎಚ್ಚರ ವಹಿಸತಕ್ಕದ್ದು.

ಈ) ಮರುಸಂಸ್ಕರಣೆಯು ಕಾಲಕಾಲಕ್ಕೆ ತಿದ್ದುಪಡಿಯಾದ ಭಾರತೀಯ ಮಾನಕ ಐಎಸ್ 14534ಕ್ಕೆ ಅನುಗುಣವಾಗಿರತಕ್ಕದ್ದು.

ಉ) ಯಂತ್ರೋಪಕರಣಗಳನ್ನು ಖರೀದಿಸುವ ಮುನ್ನ, ಘಟಕಕ್ಕೆ ದೊರೆಯುವ ತ್ಯಾಜ್ಯದ ಬಗೆಗಳನ್ನು ಪಟ್ಟಿ ಮಾಡಿ, ಮಾದರಿ ಉತ್ಪನ್ನದ ಬಲವನ್ನು ಪರೀಕ್ಷಿಸಿಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಸೂಕ್ತವಾಗಿರುತ್ತದೆ.