ಕಡತಕ್ಕೆ ಸಿಗದ ಕೆಮ್ಮು

ನಮ್ಮ ನಾಡಿನಲ್ಲಿ ಲೆಕ್ಕ ಬರೆದಿಡುವ ವಿದ್ಯೆ ಹೊಸದೇನೂ ಅಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಶಾನುಭೋಗರಿದ್ದರು. ಹೊಲದ ವಿಸ್ತೀರ್ಣ, ಕೆರೆಯ ಅಚ್ಚುಕಟ್ಟು, ಸಂದ ಕಂದಾಯ, ಉಳಿದ ಬಾಕಿ ಎಲ್ಲವೂ ಅವರ ಕಡತದಲ್ಲಿ ದಾಖಲಾಗಿರುತ್ತಿದ್ದವು. ಕುಣಿಗಲ್ಲಿನ ಹೆಸರಾಂತ ಕುದುರೆ ಫಾರಂನಲ್ಲಿ ಮರಿಯೊಂದು ಹುಟ್ಟಿದರೆ ಅದರ ತಾಯಿ ಯಾವುದು, ತಂದೆ ಯಾವುದು, ಹುಟ್ಟಿದ ದಿನ ಯಾವುದು ಎಂಬುದು ತಳಿಯ ವಂಶಾವಳಿಗೆ ತಪ್ಪದೆ ಸೇರುತ್ತಿತ್ತು. ಮನುಷ್ಯರ ಹುಟ್ಟು ಸಾವುಗಳಿಗೂ ಒಂದು ಪುಸ್ತಕವಿತ್ತು, ನಿಜ. ಆದರೆ ಸತ್ತದ್ದು ಏಕೆ ಎಂಬ ಅಂಕಣಕ್ಕೆ ಬಂದಾಗ ಲೇಖನಿ ತಡವರಿಸುತ್ತಿತ್ತು. ಬ್ರಿಟಿಷರ ಕಾಲದ ಭಾರತದ ಮರಣಪಟ್ಟಿಗಳಲ್ಲಿ ಬಹುಪಾಲು ಸಾವುಗಳು ‘ಜ್ವರ’ ಎಂಬ ಒಂದೇ ಮಾತಿನ ಕೆಳಗೆ ಮಲಗಿವೆ. ಚಳಿಜ್ವರವೂ ಅದೇ, ವಿಷಮಶೀತಜ್ವರವೂ ಅದೇ, ತಿಂಗಳುಗಟ್ಟಲೆ ಕೆಮ್ಮಿ ಬಡಕಲಾಗಿ ಪ್ರಾಣ ಬಿಟ್ಟವನದ್ದೂ ಅದೇ. ಕಂದಾಯದ ಲೆಕ್ಕ ತಪ್ಪಿದರೆ ಅಮಲ್ದಾರರು ಕೇಳುತ್ತಿದ್ದರು. ಸಾವಿನ ಕಾರಣ ತಪ್ಪಿದರೆ ಕೇಳುವವರಿರಲಿಲ್ಲ.

ಅದರಲ್ಲಿಯೂ ಕ್ಷಯವೆಂಬುದು ಹೆಸರು ಹೇಳಲು ಅಂಜುವ ಕಾಯಿಲೆ. ನಮ್ಮ ಆಯುರ್ವೇದ ಅದನ್ನು ರಾಜಯಕ್ಷ್ಮವೆಂದು ಕರೆಯಿತು. ಪುರಾಣ ಅದನ್ನು ಚಂದ್ರನಿಗೆ ಬಂದ ಶಾಪವೆಂದಿತು. ಬಡವರ ಮನೆಗೆ ಬಂದಾಗ ಮಾತ್ರ ಅದಕ್ಕೆ ಅಂಥ ಗೌರವವೇನೂ ಇರಲಿಲ್ಲ. ಮಗಳ ಮದುವೆ ತಪ್ಪೀತು, ಕೂಲಿ ಕೈಬಿಟ್ಟೀತು ಎಂಬ ಭಯದಿಂದ ಅದನ್ನು ಮುಚ್ಚಿಡುತ್ತಿದ್ದರು. ಹೀಗಾಗಿ ವಿದ್ಯಾವಂತರಲ್ಲಿ ಒಂದು ನಂಬಿಕೆ ಬೇರೂರಿತು: ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅರಿವಿದ್ದರೂ ಆಸ್ಪತ್ರೆಗೆ ಬರುವುದಿಲ್ಲ, ಆದುದರಿಂದಲೇ ಅವರು ಲೆಕ್ಕಕ್ಕೆ ಸಿಗುವುದಿಲ್ಲ. ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದು ತುಮಕೂರು ಜಿಲ್ಲೆ. ಆ ಕಥೆ ಭಾರತದ ವೈದ್ಯಕೀಯ ಇತಿಹಾಸದಲ್ಲಿ ಮುಖ್ಯವಾದದ್ದು. ನಮ್ಮ ಜನರಲ್ಲಿ ಅದನ್ನು ಬಲ್ಲವರು ಕಡಮೆ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿದ್ದು 1959ರಲ್ಲಿ. ಮರುವರ್ಷದ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. 1955ರಿಂದ 1958ರವರೆಗೆ ನಡೆದ ದೇಶವ್ಯಾಪಿ ಸಮೀಕ್ಷೆಯೊಂದು, ಕ್ಷಯ ಪಟ್ಟಣದ ಗಲ್ಲಿಗಳಿಗಷ್ಟೇ ಸೇರಿದ ರೋಗವಲ್ಲ, ಹಳ್ಳಿಗಳಲ್ಲಿಯೂ ಅಷ್ಟೇ ಇದೆ ಎಂದು ಆ ಹೊತ್ತಿಗೆ ತೋರಿಸಿಕೊಟ್ಟಿತ್ತು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗವು, ಸ್ಯಾನಿಟೋರಿಯಮ್ಮಿನ ಹಾಸಿಗೆಯಲ್ಲಿ ಮಲಗಿ ಪಡೆಯುವ ಚಿಕಿತ್ಸೆಯಷ್ಟೇ ಫಲವನ್ನು ಮನೆಯಲ್ಲಿದ್ದು ನುಂಗಿದ ಮಾತ್ರೆಯೂ ಕೊಡುತ್ತದೆಂದು ಸಿದ್ಧಪಡಿಸಿತ್ತು. ಬಡವರ ಪಾಲಿಗೆ ಇದು ಭಾಗ್ಯದ ಸುದ್ದಿ. ಆದರೆ ಇದರಿಂದ ಲೆಕ್ಕದ ಸ್ವರೂಪವೇ ಬದಲಾಯಿತೆಂಬುದನ್ನು ನಾವು ಗಮನಿಸಬೇಕು. ಸ್ಯಾನಿಟೋರಿಯಮ್ಮಿನಲ್ಲಿ ರೋಗಿ ವೈದ್ಯನ ಕಣ್ಣೆದುರೇ ಇರುತ್ತಾನೆ. ಹಾಸಿಗೆ ಎಣಿಸಿದರೆ ರೋಗಿಯನ್ನು ಎಣಿಸಿದಂತೆ. ಮನೆಯಲ್ಲಿದ್ದುಕೊಂಡು ಒಂದು ವರ್ಷ, ಒಂದೂವರೆ ವರ್ಷ ಮಾತ್ರೆ ನುಂಗಬೇಕಾದವನಿಗೂ ಆಸ್ಪತ್ರೆಗೂ ನಡುವೆ ಉಳಿಯುವ ನಂಟು ಒಂದು ಚೀಟಿ ಮಾತ್ರ. ಆ ಚೀಟಿ ಕಳೆದರೆ ರೋಗಿಯೇ ಕಳೆದುಹೋದಂತೆ.

1960–61ರಲ್ಲಿ ಸಂಸ್ಥೆಯ ತಂಡಗಳು ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಸಿದವು. ಅವರು ಆಸ್ಪತ್ರೆಯ ಪುಸ್ತಕಗಳನ್ನು ನೆಚ್ಚಿ ಕೂರಲಿಲ್ಲ. ಆಯ್ದ ಊರುಗಳಲ್ಲಿ ಮನೆಮನೆಯ ಜನರನ್ನು ಹೆಸರು ಹಿಡಿದು ಬರೆದುಕೊಂಡರು. ತೋಳಿಗೆ ಚುಚ್ಚಿ ಸೋಂಕಿನ ಪರೀಕ್ಷೆ ಮಾಡಿದರು. ಎದೆಯ ಕ್ಷಕಿರಣಚಿತ್ರ ತೆಗೆದರು. ಚಿತ್ರದಲ್ಲಿ ಸಂಶಯದ ನೆರಳು ಕಂಡವರ ಕಫವನ್ನು ಸಂಗ್ರಹಿಸಿ ಪರೀಕ್ಷಿಸಿದರು. ನೂರಕ್ಕೆ ಸುಮಾರು 38 ಮಂದಿಗೆ ಸೋಂಕು ತಗುಲಿತ್ತು. ಸಾವಿರಕ್ಕೆ ಸುಮಾರು ನಾಲ್ವರ ಕಫದಲ್ಲಿ ರೋಗಾಣುಗಳಿದ್ದುವು. ಸಾವಿರಕ್ಕೆ ನಾಲ್ಕು ಎಂದರೆ ಅಲ್ಪವೆನಿಸಬಹುದು. ಎರಡು ಸಾವಿರ ಜನರಿರುವ ಊರೊಂದನ್ನು ನೆನೆದುಕೊಂಡರೆ, ಇತರರಿಗೆ ರೋಗ ಹರಡಬಲ್ಲ ಏಳೆಂಟು ಮಂದಿ ಅಲ್ಲಿ ಸದಾ ಇರುತ್ತಾರೆಂದು ಅರ್ಥ.

ಇದಕ್ಕಿಂತ ಮಿಗಿಲಾದ ಕೆಲಸ ಇದರ ಬೆನ್ನಿಗೇ ನಡೆಯಿತು. ಸಂಸ್ಥೆಯ ದೇಬಬರ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಎಂಬಿಬ್ಬರು, ಸಮೀಕ್ಷೆಯಲ್ಲಿ ಕಂಡುಬಂದ ರೋಗಿಗಳನ್ನು ವಿಚಾರಿಸುವ ಏರ್ಪಾಟು ಮಾಡಿದರು. ನಿಮಗೇನಾಗುತ್ತಿದೆ, ಅದರ ಬಗ್ಗೆ ಚಿಂತೆಯುಂಟೆ, ಏನು ಮಾಡಿದಿರಿ ಎಂಬುದನ್ನು ಸಾವಧಾನವಾಗಿ ಕೇಳಿ ತಿಳಿದುಕೊಂಡರು. ಇದರ ಫಲಿತಾಂಶ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಫದಲ್ಲಿ ರೋಗಾಣುವಿದ್ದವರ ಪೈಕಿ ನೂರಕ್ಕೆ 95ರಷ್ಟು ಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಬೇಡಿ ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧಿ. ಕಫವನ್ನು ಯಾರೂ ನೋಡಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ರೋಗಿ ಅಡಗಿ ಕುಳಿತವನಲ್ಲ. ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು ಬಂದವನು. ಆಸ್ಪತ್ರೆಯ ಹೊರರೋಗಿಗಳ ಪುಸ್ತಕದಲ್ಲಿ ಅವನ ಹೆಸರೂ ಇದ್ದಿರಬೇಕು. ಆದರೆ ಅದರ ಮುಂದೆ ಬರೆದದ್ದು ‘ಕೆಮ್ಮು’. ತಿಂಗಳ ವರದಿಯಲ್ಲಿ ಕ್ಷಯದ ಸಾಲಿನಲ್ಲಿ ಅವನಿಲ್ಲ. ಹೀಗೆ ಬರಿದಾದ ಸಾಲನ್ನು ಕಂಡು ಮೇಲಿನವರು, ಜನರಿಗೆ ತಿಳಿವಳಿಕೆ ಸಾಲದು ಎನ್ನುತ್ತಿದ್ದರು! ತುಮಕೂರಿನ ಅಧ್ಯಯನ ತೋರಿಸಿದ ಸತ್ಯ ಇದು: ಆಸ್ಪತ್ರೆಯ ಅಂಕಿ ಹೇಳುವುದು ಊರಿನಲ್ಲಿ ಎಷ್ಟು ರೋಗವಿದೆ ಎಂಬುದನ್ನಲ್ಲ, ಆಸ್ಪತ್ರೆಯು ಎಷ್ಟನ್ನು ನೋಡಿತು ಎಂಬುದನ್ನು.

ಈ ತಿಳಿವಳಿಕೆಯ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ಬಹುದಿನದ ಕೆಮ್ಮಿನವರು ತಾವಾಗಿ ಬರುವ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಅವರ ಕಫವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು, ಮಾತ್ರೆಯನ್ನು ಊರಿನ ಸಮೀಪದಲ್ಲಿಯೇ ಕೊಡುವುದು, ಇವೆಲ್ಲದರ ಲೆಕ್ಕವನ್ನು ಜಿಲ್ಲಾ ಕ್ಷಯ ಕೇಂದ್ರದಲ್ಲಿ ಇಡುವುದು — ಇದೇ ಅದರ ತಿರುಳು. ಮಾತ್ರೆಗೆ ಬಾರದವನಿಗೆ ಕಾಗದ ಬರೆಯಬೇಕು, ಆಮೇಲೂ ಬಾರದಿದ್ದರೆ ಮನೆಗೆ ಹೋಗಬೇಕು ಎಂಬ ನಿಯಮವೂ ಇತ್ತು. ಯೋಜನೆ ಸೊಗಸಾದದ್ದೇ. ಆದರೆ ಕಾಗದ ತಲಪಲು ವಿಳಾಸ ಬೇಕು. ಅಕ್ಕಪಕ್ಕದವರಿಗೆ ತಿಳಿಯಬಾರದೆಂದು ರೋಗಿ ಬೇರೆ ಊರಿನ ಹೆಸರು ಹೇಳಿದ್ದರೆ ಆ ಕಾಗದ ಹೋಗುವುದೆಲ್ಲಿಗೆ?

ಇದಕ್ಕೆ ಭೂಗೋಳವೂ ಸೇರಿಕೊಳ್ಳುತ್ತದೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು, ರೈಲೂ ಉಂಟು. ಗುಬ್ಬಿಯವನು ಚಿಕಿತ್ಸೆಗೆ ಜಿಲ್ಲಾ ಕೇಂದ್ರಕ್ಕೆ ಹೋಗುವುದು ಸಹಜ. ಕುಣಿಗಲ್ಲು ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದೆ. ಅಲ್ಲಿಯವನು ಬೆಂಗಳೂರಿನ ಬಸ್ಸನ್ನು ಹತ್ತುತ್ತಾನೆ. ದುಡಿಮೆಗೂ ಅಲ್ಲಿಗೇ, ಔಷಧಿಗೂ ಅಲ್ಲಿಗೇ. ಜಿಲ್ಲೆಯ ಗಡಿ ದಾಟಿದ ರೋಗಿ ತನ್ನ ತಾಲ್ಲೂಕಿನ ಪುಸ್ತಕದಲ್ಲಿ ‘ಬಿಟ್ಟುಹೋದವನು’ ಆಗುತ್ತಾನೆ, ಹೋದಲ್ಲಿ ‘ಹೊಸಬ’ನಾಗುತ್ತಾನೆ. ಒಬ್ಬನೇ ಮನುಷ್ಯ ಒಂದು ಕಡೆ ಸೋಲಿನ ಲೆಕ್ಕಕ್ಕೂ ಮತ್ತೊಂದು ಕಡೆ ಸಾಧನೆಯ ಲೆಕ್ಕಕ್ಕೂ ಜಮೆಯಾಗುತ್ತಾನೆ.

1982ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ಕುಷ್ಠ, ಅಂಧತ್ವಗಳೊಡನೆ ಕ್ಷಯವೂ ಸೇರಿತು. ಗುರಿ ಗೊತ್ತುಮಾಡಿದಾಗ ಲೆಕ್ಕದ ದೃಷ್ಟಿ ಗುರಿಯ ಕಡೆಗೇ ತಿರುಗುತ್ತದೆ. ಎಷ್ಟು ಮಂದಿಯನ್ನು ಪತ್ತೆಹಚ್ಚಿದಿರಿ ಎಂದು ಕೇಳಿದರೆ ಅದಕ್ಕೆ ಉತ್ತರ ಸಿದ್ಧವಿರುತ್ತದೆ. ಪತ್ತೆಯಾದವರು ಏನಾದರು ಎಂದು ಕೇಳುವವರು ವಿರಳ. 1992ರಲ್ಲಿ ಕಾರ್ಯಕ್ರಮವನ್ನು ಪರಾಮರ್ಶಿಸಿದಾಗ, ಚಿಕಿತ್ಸೆಗೆ ಸೇರಿದವರಲ್ಲಿ ಅರ್ಧದಷ್ಟು ಮಂದಿಗೂ ಅದು ಸರಿಯಾಗಿ ಮುಟ್ಟಿಲ್ಲವೆಂಬುದು ಬಯಲಾಯಿತು. ಮರುವರ್ಷ ಆರಂಭವಾದ ಪರಿಷ್ಕೃತ ಕಾರ್ಯಕ್ರಮ ಹೊಸದೊಂದು ಬಗೆಯ ಲೆಕ್ಕವನ್ನು ತಂದಿತು. ಕಾರೆಲ್ ಸ್ಟಿಬ್ಲೋ ಎಂಬ ವೈದ್ಯ ಆಫ್ರಿಕದ ತಾಂಜಾನಿಯಾದಲ್ಲಿ ಅದನ್ನು ಬಳಕೆಗೆ ತಂದಿದ್ದ. ಮೂರು ತಿಂಗಳಲ್ಲಿ ಸೇರಿದ ಅಷ್ಟೂ ರೋಗಿಗಳನ್ನು ಒಂದು ತಂಡವೆಂದು ಹಿಡಿದು, ಗುಣವಾದವರು, ಸತ್ತವರು, ಬಿಟ್ಟವರು, ಬೇರೆಡೆಗೆ ಹೋದವರು ಎಂದು ಕೊನೆಯವನವರೆಗೆ ಜವಾಬು ಹೇಳುವ ಕ್ರಮ ಅದು. ಶಾನುಭೋಗರ ಕಡತದ ಬಾಕಿಯ ಅಂಕಣ ಕಡೆಗೂ ಆಸ್ಪತ್ರೆಗೆ ಬಂತೆನ್ನಬಹುದು.

ಆದರೂ ದೊಡ್ಡದೊಂದು ಪಾಲು ಹೊರಗೇ ಉಳಿಯಿತು. ಖಾಸಗಿ ವೈದ್ಯರ ಬಳಿ ಹೋದವರ ಎಣಿಕೆ ಸರ್ಕಾರಕ್ಕೆ ತಲಪುತ್ತಿರಲಿಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಪ್ರತಿಯೊಬ್ಬ ಕ್ಷಯರೋಗಿಯ ವರದಿಯನ್ನೂ ಕಡ್ಡಾಯಗೊಳಿಸಿತು. ‘ನಿಕ್ಷಯ್’ ಎಂಬ ಗಣಕ ದಾಖಲೆಯೂ ಆ ವರ್ಷವೇ ಬಂತು. ಭಾರತದಲ್ಲಿ 2014ರಲ್ಲಿ ಹೊಸದಾಗಿ ಕ್ಷಯ ತಗುಲಿದವರು 22 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಮರುವರ್ಷದ ಅಂದಾಜು 28 ಲಕ್ಷವಾಯಿತು. ಒಂದೇ ವರ್ಷದಲ್ಲಿ ಆರು ಲಕ್ಷ ಜನ ಹೆಚ್ಚಾಗಿ ಕಾಯಿಲೆ ಬಿದ್ದರೆಂದಲ್ಲ. ಖಾಸಗಿ ವರದಿಗಳನ್ನೂ ಅಂಗಡಿಗಳಲ್ಲಿ ಮಾರಾಟವಾದ ಔಷಧಿಯ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಮೊದಲೇ ಇದ್ದವರು ಕಣ್ಣಿಗೆ ಬಿದ್ದರು.

ಈ ಬರವಣಿಗೆಯ ಭಾರವನ್ನು ಹೊರುವವರು ಯಾರು? ಪ್ರಯೋಗಶಾಲೆಯ ತಂತ್ರಜ್ಞರು, ಆರೋಗ್ಯ ಸಹಾಯಕರು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು. ಗರ್ಭಿಣಿಯರ ಪುಸ್ತಕ, ಮಕ್ಕಳ ಲಸಿಕೆಯ ಪುಸ್ತಕಗಳ ಜೊತೆಗೆ ಇದೂ ಅವರ ಚೀಲದಲ್ಲಿ ಸೇರಿದೆ. 2018ರಿಂದ ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರ್ಕಾರದ ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಹೋಗುತ್ತದೆ. ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರಲ್ಲಿ 1000 ಆಯಿತು. ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಆ ತಿಂಗಳ ಮೊಟ್ಟೆ, ಬೇಳೆ ತಪ್ಪಿದಂತೆ. ಬರೆದ ಹೆಸರಿಗೆ ತಕ್ಕಷ್ಟೇ ಮಾತ್ರೆ ಬರುವುದರಿಂದ, ಹೆಸರು ಬಿಟ್ಟುಹೋದ ಕಡೆ ಮಾತ್ರೆಯೂ ಸಾಲದಾಗುತ್ತದೆ. ಗುಮಾಸ್ತೆಯ ಕೆಲಸವೆಂದು ನಾವು ಹಗುರವಾಗಿ ಆಡುವ ಮಾತು ಇಲ್ಲಿ ಸಲ್ಲದು.

ಆದುದರಿಂದ ಒಂದು ತಾಲ್ಲೂಕಿನಲ್ಲಿ ಈ ವರ್ಷ ಕ್ಷಯ ಹೆಚ್ಚಿತೆಂದು ಪತ್ರಿಕೆಯಲ್ಲಿ ಓದಿದಾಗ ನಾವು ಗಾಬರಿಯಾಗಬೇಕಿಲ್ಲ. ಇಳಿಯಿತೆಂದು ಓದಿದಾಗ ನೆಮ್ಮದಿಯಿಂದ ಮಲಗಬೇಕಾಗಿಯೂ ಇಲ್ಲ. ಎಷ್ಟು ಮಂದಿಯ ಕಫ ನೋಡಿದರು, ಸೇರಿದವರಲ್ಲಿ ಎಷ್ಟು ಮಂದಿ ಕೊನೆಯವರೆಗೆ ಉಳಿದರು, ಖಾಸಗಿಯವರ ವರದಿ ಇದರಲ್ಲಿ ಸೇರಿದೆಯೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇನ್ನು ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ನಮ್ಮ ಹೊಲದಲ್ಲಿ ದುಡಿಯುವವರಲ್ಲಿ ಯಾರಿಗಾದರೂ ಎರಡು ವಾರ ಮೀರಿ ಕೆಮ್ಮಿದ್ದರೆ, ಸೀಸೆಯ ಔಷಧಿಗೆ ತೃಪ್ತರಾಗದೆ ಕಫಪರೀಕ್ಷೆ ಮಾಡಿಸಿ ಎಂದು ಕೇಳುವ ಹಕ್ಕು ಅವರಿಗಿದೆ. ಅದನ್ನು ಅವರಿಗೆ ತಿಳಿಸುವ ಹೊಣೆ ನಮ್ಮದು. ಅರುವತ್ತು ವರ್ಷಗಳಿಗೂ ಹಿಂದೆ ತುಮಕೂರು ಸೀಮೆಯ ರೋಗಿಗಳು ಆಸ್ಪತ್ರೆಯ ಬಾಗಿಲಿನವರೆಗೆ ತಾವಾಗಿಯೇ ಬಂದಿದ್ದರು. ಆಗ ಅವರಿಗೆ ದೊರೆಯದೆ ಹೋದದ್ದು ಆ ಒಂದು ಪರೀಕ್ಷೆ.