ಸ್ವಿಚ್‌ಬೋರ್ಡಿನ ಮುಂದೆ ಕೂತವರು

ಬ್ಯಾಂಕಿಗೋ ಆಸ್ಪತ್ರೆಗೋ ಟೆಲಿಫೋನು ಮಾಡಿದರೆ ಈಗ ಮೊದಲು ಕಿವಿಗೆ ಬೀಳುವುದು ಎಂದೋ ಯಾರೋ ಆಡಿ ಮುದ್ರಿಸಿಟ್ಟ ಮಾತು. ಕನ್ನಡಕ್ಕೆ ಒಂದನ್ನು ಒತ್ತಿ, ಲೆಕ್ಕದ ವಿವರಕ್ಕೆ ಎರಡನ್ನು ಒತ್ತಿ, ಸಿಬ್ಬಂದಿಯೊಡನೆ ಮಾತನಾಡಬೇಕಾದರೆ ಒಂಬತ್ತನ್ನು ಒತ್ತಿ ಕಾಯುತ್ತಿರಿ ಎಂದು ಆ ದನಿ ಅಪ್ಪಣೆ ಕೊಡುತ್ತದೆ. ನಾವೂ ವಿಧೇಯರಾಗಿ ಒತ್ತುತ್ತೇವೆ. ಸಂಗೀತ ಕೇಳುತ್ತ ಕಾಯುತ್ತೇವೆ. ನಮ್ಮನ್ನು ಯಾರೊಡನೆ ಜೋಡಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು, ಯಾವ ಬಾಗಿಲಿನಿಂದ ಹಿಂದಕ್ಕೆ ಕಳಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಯಾರು? ಸ್ವಿಚ್‌ಬೋರ್ಡಿನ ಮುಂದೆ ಮನುಷ್ಯರು ಕೂತು ಮಾತನ್ನು ಜೋಡಿಸುತ್ತಿದ್ದ ಕಾಲ ಹೋಯಿತು. ಆದರೆ ಅಲ್ಲಿದ್ದ ಅಧಿಕಾರವೇನೂ ಹೋಗಲಿಲ್ಲ. ಅದು ಕೈಯಿಂದ ಕೈಗೆ ದಾಟಿದ ಕಥೆ ಟೆಲಿಫೋನಿನಷ್ಟೇ ಹಳೆಯದು. ಅದರ ಇತ್ತೀಚಿನ ಅಧ್ಯಾಯವನ್ನು ಬರೆದವನಾದರೋ ಕೈಯಲ್ಲಿ ಹೆಚ್ಚು ಕಾಸಿಲ್ಲದ ಒಬ್ಬ ವಿದ್ಯಾರ್ಥಿ.

ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟು ಪಡೆದದ್ದು 1876ರಲ್ಲಿ. ಮೊದಮೊದಲು ಎರಡು ಉಪಕರಣ, ನಡುವೆ ಒಂದು ತಂತಿ. ಅಷ್ಟೇ ಅದರ ಸಂಸಾರ. ಹತ್ತು ಮನೆಗಳವರು ಪರಸ್ಪರ ಮಾತನಾಡಬೇಕೆಂದರೆ 45 ತಂತಿಗಳು ಬೇಕು. ನೂರು ಮನೆಗಳಾದರೆ 4,950. ಊರಿನ ಆಕಾಶವೆಲ್ಲ ತಂತಿಯ ಬಲೆಯಾಗುವುದನ್ನು ತಪ್ಪಿಸಲು ಎಲ್ಲ ತಂತಿಗಳನ್ನೂ ಒಂದೆಡೆಗೆ ತಂದು, ಬೇಕಾದಾಗ ಬೇಕಾದ ಎರಡನ್ನು ಜೋಡಿಸುವ ಉಪಾಯ ಹೊಳೆಯಿತು. 1878ರ ಜನವರಿಯಲ್ಲಿ ಅಮೆರಿಕದ ನ್ಯೂಹೇವನ್ ಪಟ್ಟಣದಲ್ಲಿ 21 ಚಂದಾದಾರರಿಗಾಗಿ ಇಂಥ ವಿನಿಮಯ ಕೇಂದ್ರವೊಂದು ಬಾಗಿಲು ತೆರೆಯಿತು. ತಂತಿಯ ತೊಡಕು ತೀರಿತು. ಹೊಸತೊಂದು ತೊಡಕು ಹುಟ್ಟಿತು. ಇಬ್ಬರ ಮಾತಿನ ನಡುವೆ ಈಗ ಮೂರನೆಯವರೊಬ್ಬರು ಬಂದು ಕೂತಿದ್ದರು.

ಆ ಮೂರನೆಯವರ ಮೇಲೆ ಸಿಟ್ಟಾದವನು ಆಲ್ಮನ್ ಸ್ಟ್ರೋಜರ್. ಕ್ಯಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಅವನ ವೃತ್ತಿ. ಊರಿನಲ್ಲಿ ಅದೇ ವೃತ್ತಿಯ ಮತ್ತೊಬ್ಬನಿದ್ದ. ಆ ಎದುರಾಳಿಯ ಹೆಂಡತಿಯೇ ವಿನಿಮಯ ಕೇಂದ್ರದಲ್ಲಿ ಆಪರೇಟರಾಗಿದ್ದಳಂತೆ. ಸ್ಟ್ರೋಜರನನ್ನು ಕೇಳಿದವರಿಗೂ ಗಂಡನನ್ನೇ ಜೋಡಿಸಿಕೊಡುತ್ತಿದ್ದಳಂತೆ. ಇದು ಎಷ್ಟು ನಿಜವೋ, ಎಷ್ಟು ಕಟ್ಟುಕಥೆಯೋ, ಫಲವಂತೂ ನಿಜ. ಆಪರೇಟರೇ ಬೇಡದ, ಚಂದಾದಾರನೇ ತನಗೆ ಬೇಕಾದ ಸಂಖ್ಯೆಯನ್ನು ಆರಿಸಿಕೊಳ್ಳುವ ಯಂತ್ರವನ್ನು ಅವನು ಕಲ್ಪಿಸಿ 1891ರ ಮಾರ್ಚಿನಲ್ಲಿ ಪೇಟೆಂಟು ಪಡೆದ. ಮರುವರ್ಷ ಇಂಡಿಯಾನ ರಾಜ್ಯದ ಲಾಪೋರ್ಟ್ ಪಟ್ಟಣದಲ್ಲಿ ಅದು ಕೆಲಸಕ್ಕೆ ತೊಡಗಿತು. ಬೆಂಗಳೂರಿನವರಿಗೆ ಈ ಹೆಸರು ಪರಕೀಯವಲ್ಲ. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಲ್ಲಿ, ಅಂದರೆ ನಮ್ಮ ದೂರವಾಣಿನಗರದಲ್ಲಿ, ಮೊದಲ ವರ್ಷಗಳಲ್ಲಿ ತಯಾರಾದ ಸ್ವಿಚ್ಚುಗಳು ಸ್ಟ್ರೋಜರ್ ಮಾದರಿಯವೇ. ಶವಸಂಸ್ಕಾರದ ವ್ಯಾಪಾರಿಯೊಬ್ಬನ ಸಂಶಯ ಹೀಗೆ ಅರ್ಧ ಭೂಮಂಡಲ ಸುತ್ತಿ ಕೃಷ್ಣರಾಜಪುರದ ಬಳಿಗೆ ಬಂದಿತ್ತು.

ಊರಿನ ವಿನಿಮಯ ಕೇಂದ್ರದಂತೆಯೇ ದೊಡ್ಡ ಆಫೀಸುಗಳ ಒಳಗೂ ಒಂದೊಂದು ಮರಿ ಕೇಂದ್ರ ಬೇಕಾಯಿತು. ಇದಕ್ಕೆ ಪಿಬಿಎಕ್ಸ್ ಎಂದು ಹೆಸರು. ನಮ್ಮ ಕಚೇರಿಗಳಲ್ಲಿ ಇದರ ವಿದ್ಯುನ್ಮಾನ ರೂಪವನ್ನು ಇಪಿಎಬಿಎಕ್ಸ್ ಎನ್ನುತ್ತಾರೆ. ಸೊನ್ನೆ ಒತ್ತಿದರೆ ಹೊರಗಿನ ಲೈನು, ಎರಡು ಮೂರು ಅಂಕಿ ಒತ್ತಿದರೆ ಪಕ್ಕದ ಕೋಣೆಯ ಗುಮಾಸ್ತರು. ಆಪರೇಟರು ಎದ್ದುಹೋದ ಜಾಗದಲ್ಲಿ ಬಂದು ನಿಂತದ್ದು ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಬೀಗದ ಕೈ ಮಾತ್ರ ಕಂಪೆನಿಯ ಬಳಿ. ಅಮೆರಿಕದಲ್ಲಿ ಬಹುಕಾಲ ಬೆಲ್ ಕಂಪೆನಿಯ ಚಂದಾದಾರನ ಮನೆಯ ಟೆಲಿಫೋನು ಕೂಡ ಅವನದಲ್ಲ, ಕಂಪೆನಿಯದು. ಅದಕ್ಕೆ ಬೇರೆಯವರ ಒಂದು ತಿರುಪು ಹಾಕುವುದೂ ಅಪರಾಧ. ಮಾತು ಪಕ್ಕದವರಿಗೆ ಕೇಳದಿರಲೆಂದು ಟೆಲಿಫೋನಿನ ಬಾಯಿಗೆ ಸಿಕ್ಕಿಸುವ ಬಟ್ಟಲಿನಂಥ ಸಾಧನವೊಂದನ್ನು ಒಬ್ಬರು ಮಾರಿದ್ದಕ್ಕೆ ಕಂಪೆನಿ ಆಕ್ಷೇಪಿಸಿತು. ಆ ಬಟ್ಟಲಿನ ವ್ಯಾಜ್ಯ ಮೇಲಿನ ನ್ಯಾಯಾಲಯಕ್ಕೆ ಹೋಗಿ 1956ರಲ್ಲಿ ಬಟ್ಟಲಿನವರೇ ಗೆದ್ದರು. ಮುಂದೆ 1968ರಲ್ಲಿ, ಟೆಕ್ಸಾಸಿನ ಥಾಮಸ್ ಕಾರ್ಟರ್ ಎಂಬವರು ತಮ್ಮ ರೇಡಿಯೋ ಫೋನನ್ನು ಟೆಲಿಫೋನಿಗೆ ಕೂಡಿಸಿದ ಪ್ರಕರಣದಲ್ಲಿ, ಜಾಲಕ್ಕೆ ಹಾನಿಯಾಗದಿದ್ದರೆ ಹೊರಗಿನವರ ಉಪಕರಣವನ್ನೂ ಜೋಡಿಸಬಹುದೆಂದು ಅಲ್ಲಿನ ಸರಕಾರಿ ಆಯೋಗ ತೀರ್ಪು ಕೊಟ್ಟಿತು. ಅಂದಿನಿಂದ ಆಫೀಸುಗಳು ಪೆಟ್ಟಿಗೆಯನ್ನು ತಮಗೆ ಬೇಕಾದವರಿಂದ ಕೊಳ್ಳುವ ದಾರಿ ತೆರೆಯಿತು. ಆದರೂ ಪೆಟ್ಟಿಗೆಯ ಒಳಗೆ ಇಣುಕುವ ಹಕ್ಕು ಕೊಂಡವನಿಗೆ ಬರಲಿಲ್ಲ. ಒಂದು ಹೊಸ ಎಕ್ಸ್‌ಟೆನ್ಷನ್ ಬೇಕೆ, ದುಡ್ಡು. ಕರೆದವರ ಸಂದೇಶ ಮುದ್ರಿಸಿಕೊಳ್ಳಬೇಕೆ, ಮತ್ತೆ ದುಡ್ಡು.

ನಮ್ಮ ದೇಶದಲ್ಲೂ ಈ ಬೀಗವನ್ನು ಸ್ವಲ್ಪ ಸಡಿಲಿಸಿದ ಪ್ರಯತ್ನವೊಂದು ನಡೆಯಿತು. 1984ರಲ್ಲಿ ಸರಕಾರ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳ ಬಿಸಿಲು ಧೂಳುಗಳನ್ನು ತಡೆಯಬಲ್ಲ, ಹವಾನಿಯಂತ್ರಣ ಬೇಡದ 128 ಲೈನುಗಳ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಗ್ರಾಮೀಣ ಕೇಂದ್ರ 1986ರಲ್ಲಿ ಕೆಲಸ ಶುರುಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಸಿ-ಡಾಟ್ ತನ್ನ ವಿನ್ಯಾಸವನ್ನು ಒಬ್ಬರಿಗೇ ಕಾಯ್ದಿರಿಸದೆ ಅನೇಕ ತಯಾರಕರಿಗೆ ಪರವಾನಗಿ ಕೊಟ್ಟು ಹಂಚಿತು. ಅದು ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ, ನಿಜ. ಆದರೆ ವಿದ್ಯೆ ಹಂಚಿದರೆ ಬೆಳೆಯುತ್ತದೆಂಬ ಹಳೆಯ ಮಾತು ಟೆಲಿಫೋನಿಗೂ ಸಲ್ಲುತ್ತದೆಂದು ತೋರಿಸಿಕೊಟ್ಟಿತು.

ಇದೇ ಮಾತನ್ನು ಗಣಕಯಂತ್ರದ ಲೋಕದಲ್ಲಿ ಹಟ ಹಿಡಿದು ಸಾರಿದವರು ರಿಚರ್ಡ್ ಸ್ಟಾಲ್‌ಮನ್. ತಂತ್ರಾಂಶವನ್ನು ಕೊಂಡವನಿಗೆ ಅದರ ಮೂಲ ಬರಹವನ್ನು ಓದುವ, ತಿದ್ದುವ, ಹಂಚುವ ಹಕ್ಕಿರಬೇಕೆಂದು ಅವರು 1983ರಲ್ಲಿ ಘೋಷಿಸಿದರು. ಮುಂದೆ ಅದಕ್ಕೆ ತಕ್ಕ ಪರವಾನಗಿಯನ್ನೂ ಬರೆದರು. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವವನು ಆ ಹಕ್ಕುಗಳನ್ನೂ ಜೊತೆಗೆ ಕೊಡಲೇಬೇಕೆಂಬುದು ಅದರ ಷರತ್ತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್, ಮರುವರ್ಷ ಇದೇ ಷರತ್ತಿನ ಆಶ್ರಯಕ್ಕೆ ಬಂದು ಜಗತ್ತೆಲ್ಲ ಹರಡಿತು.

ಇನ್ನು ನಮ್ಮ ವಿದ್ಯಾರ್ಥಿಯ ಕಥೆಗೆ ಬರೋಣ. ಹೆಸರು ಮಾರ್ಕ್ ಸ್ಪೆನ್ಸರ್. ಅಲಬಾಮ ರಾಜ್ಯದ ಆಬರ್ನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದವನು. 1999ರಲ್ಲಿ, ಸುಮಾರು 4,000 ಡಾಲರುಗಳ ಬಂಡವಾಳ ಹೂಡಿ, ಲಿನಕ್ಸ್ ಬಳಸುವವರಿಗೆ ಟೆಲಿಫೋನಿನ ಮೂಲಕ ಸಲಹೆ ಕೊಡುವ ಚಿಕ್ಕದೊಂದು ಕಂಪೆನಿಯನ್ನು ತೆರೆದ. ಸಲಹೆ ಕೊಡಲು ಟೆಲಿಫೋನು ವ್ಯವಸ್ಥೆ ಬೇಕಷ್ಟೆ. ವಿಚಾರಿಸಿದರೆ, ಪೆಟ್ಟಿಗೆಯೊಂದೇ ಅವನ ಬಂಡವಾಳವನ್ನು ನುಂಗಿ ನೀರು ಕುಡಿಯುವಂತಿತ್ತು. ಕೊಳ್ಳಲಾರದವನು ಕಟ್ಟಿಕೊಳ್ಳಬೇಕು. ತನ್ನ ಗಣಕಯಂತ್ರವನ್ನೇ ಪಿಬಿಎಕ್ಸ್ ಆಗಿ ಮಾಡುವ ತಂತ್ರಾಂಶವನ್ನು ಬರೆದು, ಆ ವರ್ಷದ ಡಿಸೆಂಬರಿನಲ್ಲಿ ಮೂಲ ಬರಹದ ಸಮೇತ ಲೋಕಕ್ಕೆ ಬಿಟ್ಟುಕೊಟ್ಟ. ಅದಕ್ಕಿಟ್ಟ ಹೆಸರು ಆಸ್ಟೆರಿಸ್ಕ್, ಎಂದರೆ ನಕ್ಷತ್ರದ ಗುರುತು. ಟೆಲಿಫೋನಿನ ಗುಂಡಿಗಳಲ್ಲೂ ಆ ಗುರುತುಂಟು; ಲಿನಕ್ಸಿನ ಪರಿಭಾಷೆಯಲ್ಲಿ ಅದಕ್ಕೆ ‘ಏನು ಬೇಕಾದರೂ’ ಎಂಬ ಅರ್ಥ.

ಆದರೆ ತಂತ್ರಾಂಶಕ್ಕೂ ಬೀದಿಯ ಟೆಲಿಫೋನು ತಂತಿಗೂ ನಡುವೆ ಸೇತುವೆ ಬೇಕಿತ್ತು. ಅದನ್ನು ಕಟ್ಟುತ್ತಿದ್ದವರು ಜಿಮ್ ಡಿಕ್ಸನ್. ಟೆಲಿಫೋನಿನ ದನಿಯನ್ನು ಸಂಸ್ಕರಿಸಲು ದುಬಾರಿಯ ವಿಶೇಷ ಚಿಪ್ಪುಗಳು ಇನ್ನು ಬೇಕಿಲ್ಲ, ಸಾಮಾನ್ಯ ಗಣಕಯಂತ್ರದ ಮಿದುಳೇ ಆ ಕೆಲಸಕ್ಕೆ ಸಾಕಾಗುವಷ್ಟು ಚುರುಕಾಗಿದೆ ಎಂದು ಅವರು ಲೆಕ್ಕ ಹಾಕಿದ್ದರು. ತಮ್ಮ ಯೋಜನೆಗೆ ಅವರು ಮೆಕ್ಸಿಕೋದ ಕ್ರಾಂತಿಕಾರಿ ಎಮಿಲಿಯಾನೊ ಜಪಾಟನ ಹೆಸರಿಟ್ಟು, ಗಣಕಯಂತ್ರಕ್ಕೆ ಸಿಕ್ಕಿಸುವ ಕಾರ್ಡಿನ ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಲಿನಕ್ಸಿಗಾಗಿ ಅರೆಬರೆ ಬರೆದ ಕೊಂಡಿಯೊಂದನ್ನು ಪ್ರಕಟಿಸಿದ ಎರಡೇ ದಿನಗಳಲ್ಲಿ, ನೆರವಾಗುತ್ತೇನೆಂದು ಅಲಬಾಮದಿಂದ ಒಬ್ಬ ಯುವಕನ ಪತ್ರ ಬಂತೆಂದು ಡಿಕ್ಸನ್ ನೆನೆದಿದ್ದಾರೆ. ಹೀಗೆ ದುಡ್ಡಿಲ್ಲದ ತಂತ್ರಾಂಶಕ್ಕೂ ಕ್ರಾಂತಿಕಾರಿಯ ಹೆಸರಿನ ಕಾರ್ಡಿಗೂ ಗಂಟು ಬಿತ್ತು. ಅಂಥ ಕಾರ್ಡುಗಳನ್ನು ಮಾರುವುದೇ ಸ್ಪೆನ್ಸರನ ಕಂಪೆನಿಯ ಜೀವನೋಪಾಯವಾಯಿತು. ಅದರ ಹೆಸರೂ ಡಿಜಿಯಂ ಎಂದು ಬದಲಾಯಿತು.

ಅದು ಕೆಲಸ ಮಾಡುವ ಬಗೆಯಲ್ಲಿ ಮಾಯಾಮಂತ್ರವೇನೂ ಇಲ್ಲ. ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಾರಿ ಅಳೆದು ಅಂಕಿಗಳಾಗಿ ಮಾಡುತ್ತಾರೆ. ಸಾಮಾನ್ಯವಾಗಿ ಸೆಕೆಂಡಿನ ಐವತ್ತನೇ ಒಂದು ಭಾಗದ ದನಿಯನ್ನು ಒಂದೊಂದು ಪೊಟ್ಟಣವಾಗಿ ಕಟ್ಟಿ, ಕಾಗದಪತ್ರ ಹೋಗುವ ಅಂತರಜಾಲದ ಹಾದಿಯಲ್ಲೇ ಕಳಿಸುತ್ತಾರೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಕರೆ ಸ್ವೀಕಾರವಾಯಿತೆ, ಮುಗಿಯಿತೆ ಎಂದು ತಿಳಿಸುವ ಕಟ್ಟಳೆ ಬೇರೆ. 1999ರಲ್ಲೇ ಪ್ರಕಟವಾದ ಸಿಪ್ ಎಂಬ ಸಾರ್ವಜನಿಕ ಕಟ್ಟಳೆ ಅದಕ್ಕೆ ಒದಗಿತು. ಯಾವ ಕರೆ ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಸಾದಾ ಬರಹದ ಒಂದು ಕಡತದಲ್ಲಿರುತ್ತದೆ: ಈ ಸಂಖ್ಯೆ ಬಂದರೆ ಮೊದಲು ಉತ್ತರ ಕೊಡು, ಆಮೇಲೆ ಸ್ವಾಗತ ನುಡಿ ಕೇಳಿಸು, ಇಪ್ಪತ್ತು ಸೆಕೆಂಡು ಗಂಟೆ ಬಾರಿಸು, ಯಾರೂ ಎತ್ತದಿದ್ದರೆ ಸಂದೇಶ ಮುದ್ರಿಸಿಕೋ. ಹಿಂದೆ ಆಪರೇಟರಿನ ಮನಸ್ಸಿನಲ್ಲಿದ್ದದ್ದು, ಆಮೇಲೆ ಬೀಗದ ಪೆಟ್ಟಿಗೆಯಲ್ಲಿದ್ದದ್ದು, ಈಗ ಯಜಮಾನನೇ ಓದಿ ತಿದ್ದಬಹುದಾದ ಸಾಲುಗಳಾಗಿ ಕಣ್ಣೆದುರಿಗೆ ಬಂದಿತು.

2004ರ ಸೆಪ್ಟೆಂಬರಿನಲ್ಲಿ ಅಟ್ಲಾಂಟದಲ್ಲಿ ಬಳಕೆದಾರರ ಸಮ್ಮೇಳನ ನಡೆದಾಗ ಆಸ್ಟೆರಿಸ್ಕಿನ ಪ್ರಥಮ ಪೂರ್ಣ ಆವೃತ್ತಿ ಹೊರಬಂತು. ಬಳಗ ದೊಡ್ಡದಾದಂತೆ ಭಿನ್ನಾಭಿಪ್ರಾಯಗಳೂ ಬಂದವು. ಆಸ್ಟೆರಿಸ್ಕಿಗಾಗಿ ದುಡಿದಿದ್ದ ಆಂಟನಿ ಮಿನೆಸಾಲೆ, ಅಡಿಪಾಯವನ್ನೇ ಬೇರೆ ರೀತಿ ಹಾಕಬೇಕೆಂದು 2006ರಲ್ಲಿ ಫ್ರೀಸ್ವಿಚ್ ಎಂಬ ಹೊಸ ಮುಕ್ತ ತಂತ್ರಾಂಶವನ್ನು ಆರಂಭಿಸಿದರು. ಅಣ್ಣತಮ್ಮಂದಿರು ಪಾಲಾದ ಹಾಗೆ ಇದು. ಮನೆ ಎರಡಾದರೂ ಬಾಗಿಲು ಎರಡೂ ತೆರೆದೇ ಇದ್ದವು.

ನಮ್ಮ ದೇಶದಲ್ಲಿ ತಂತ್ರಾಂಶ ತೆರೆದಿದ್ದರೂ ಕಾನೂನು ತೆರೆದಿರಲಿಲ್ಲ. ಅಂತರಜಾಲದ ಮೂಲಕ ಮಾತನಾಡುವುದಕ್ಕೆ 2002ರ ಏಪ್ರಿಲಿನಲ್ಲಿ ಅನುಮತಿ ಸಿಕ್ಕಿತಾದರೂ, ದೇಶದೊಳಗಿನ ಸಾಮಾನ್ಯ ಟೆಲಿಫೋನಿಗೆ ಅದನ್ನು ಜೋಡಿಸುವಂತಿರಲಿಲ್ಲ. ಟ್ರಂಕ್ ಕರೆಯ ಆದಾಯ ಕೈತಪ್ಪೀತೆಂಬ ಭಯ ಅದರ ಹಿಂದಿತ್ತು. ಬೆಂಗಳೂರಿನ ಕಾಲ್ ಸೆಂಟರುಗಳನ್ನೂ ಒಳಗೊಂಡು ದೇಶದ ಈ ಉದ್ಯಮವನ್ನು ಕಟ್ಟಿಹಾಕಿದ್ದ ಹಲವು ನಿರ್ಬಂಧಗಳು ಸಡಿಲವಾದದ್ದು 2020ರ ನವೆಂಬರ್ ಮತ್ತು 2021ರ ಜೂನ್ ತಿಂಗಳ ಹೊಸ ನಿಯಮಗಳಿಂದ.

ಆದರೂ ಈ ತಂತ್ರಾಂಶದ ಅರ್ಥವಂತಿಕೆಯನ್ನು ನೋಡಬೇಕಾದರೆ ವ್ಯಾಪಾರಿಗಳ ಆಫೀಸು ಬಿಟ್ಟು ಛತ್ತೀಸಗಡದ ಕಾಡಿಗೆ ಹೋಗಬೇಕು. ಅಲ್ಲಿನ ಗೊಂಡಿ ಮಾತನಾಡುವ ಜನರಿಗೆ ತಮ್ಮ ನುಡಿಯ ಪತ್ರಿಕೆಯಿರಲಿಲ್ಲ. ಖಾಸಗಿ ಬಾನುಲಿಗೆ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿಯೂ ಇರಲಿಲ್ಲ. ಪತ್ರಕರ್ತ ಶುಭ್ರಾಂಶು ಚೌಧರಿ ಅವರು 2010ರಲ್ಲಿ ಸಿಜಿನೆಟ್ ಸ್ವರ ಎಂಬ ಏರ್ಪಾಡನ್ನು ಆರಂಭಿಸಿದರು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನ ಕೇಂದ್ರದಲ್ಲಿದ್ದ ಬಿಲ್ ಥೀಸ್ ಅವರ ತಾಂತ್ರಿಕ ನೆರವು ಅದಕ್ಕಿತ್ತು. ಹಳ್ಳಿಯವನು ಸಾಧಾರಣ ಮೊಬೈಲಿನಿಂದ ಒಂದು ಸಂಖ್ಯೆಗೆ ಕರೆ ಮಾಡಿ, ಗುಂಡಿ ಒತ್ತಿ, ಕೂಲಿ ಬಂದಿಲ್ಲವೆಂದೋ ಕೊಳವೆಬಾವಿ ಕೆಟ್ಟಿದೆಯೆಂದೋ ತನ್ನ ನುಡಿಯಲ್ಲೇ ಹೇಳುತ್ತಿದ್ದ. ಪರಿಶೀಲಿಸಿದ ಬಳಿಕ ಅದನ್ನು ಇತರರೂ ಕರೆ ಮಾಡಿ ಕೇಳುತ್ತಿದ್ದರು. ಒಳಗೆ ಕೆಲಸ ಮಾಡುತ್ತಿದ್ದದ್ದು ಆಸ್ಟೆರಿಸ್ಕ್. ಅಲಬಾಮದ ಹುಡುಗ ತನ್ನ ಖರ್ಚು ಉಳಿಸಲು ಬರೆದದ್ದು, ಅವನು ಕಂಡೂ ಕೇಳರಿಯದ ಜನರಿಗೆ ಬಾಯಿಯಾಯಿತು. ಯಾರ ಅಪ್ಪಣೆಯನ್ನೂ ಬೇಡದೆ ಬಳಸಬಹುದಾದ ವಸ್ತುವಾದ್ದರಿಂದಲೇ ಇದು ಸಾಧ್ಯವಾಯಿತು.

ಹಾಗೆಂದು ಇದನ್ನು ಸತ್ಯಯುಗವೆಂದು ಹೊಗಳಬೇಕಾಗಿಲ್ಲ. ತೆರೆದ ಬಾಗಿಲಿನಿಂದ ಗಾಳಿಯೂ ಬರುತ್ತದೆ, ಕಳ್ಳನೂ ಬರುತ್ತಾನೆ. ಗುಪ್ತಪದವನ್ನು ಅಸಡ್ಡೆಯಿಂದ ಇಟ್ಟ ಆಫೀಸಿನ ಪಿಬಿಎಕ್ಸಿಗೆ ವಂಚಕರು ಅಂತರಜಾಲದಿಂದಲೇ ನುಗ್ಗಿ, ಯಾರೂ ಇಲ್ಲದ ರಾತ್ರಿ ಹೊತ್ತು ದುಬಾರಿಯ ವಿದೇಶಿ ಸಂಖ್ಯೆಗಳಿಗೆ ಕರೆಯ ಮೇಲೆ ಕರೆ ಮಾಡಿಸುತ್ತಾರೆ. ಬಿಲ್ಲು ಯಜಮಾನನ ತಲೆಗೆ. ಬೀಗದ ಕೈ ನಮ್ಮದಾದ ಮೇಲೆ ಬೀಗ ಹಾಕುವ ಜವಾಬ್ದಾರಿಯೂ ನಮ್ಮದೇ.

ಇನ್ನೊಂದು ಭಯ ಹೆಚ್ಚು ಸೂಕ್ಷ್ಮವಾದದ್ದು. ಎಲ್ಲರೂ ಸೇರಿ ಬೆಳೆಸಿದ್ದನ್ನು ಒಬ್ಬರು ಕೊಂಡುಬಿಟ್ಟರೆ? ಈಕ್ವೆಡಾರ್ ದೇಶದ ಚಿಕ್ಕ ಕಂಪೆನಿಯೊಂದು 2006ರಲ್ಲಿ ಆಸ್ಟೆರಿಸ್ಕಿನ ಮೇಲೆ ಕಟ್ಟಿದ ಎಲಾಸ್ಟಿಕ್ಸ್ ಬಹಳ ಜನಪ್ರಿಯವಾಗಿತ್ತು. 2016ರಲ್ಲಿ 3ಸಿಎಕ್ಸ್ ಎಂಬ ಕಂಪೆನಿ ಅದನ್ನು ವಶಪಡಿಸಿಕೊಂಡಿತು. ಎಲಾಸ್ಟಿಕ್ಸ್ ಎಂಬ ಹೆಸರಿನಲ್ಲಿ ಮುಂದೆ ಬಂದದ್ದು ಕಂಪೆನಿಯ ಮುಚ್ಚಿದ ತಂತ್ರಾಂಶ. ನಂಬಿದ್ದವರು ಕಂಗಾಲಾದರು. ಆದರೆ ಹಳೆಯ ಮೂಲ ಬರಹ ಲೋಕದ ಕೈಯಲ್ಲಿತ್ತಷ್ಟೆ. ಅದನ್ನೇ ಎತ್ತಿಕೊಂಡು ಬಳಗದವರು ಇಸಬೆಲ್ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. 2018ರಲ್ಲಿ ಸ್ಪೆನ್ಸರನ ಡಿಜಿಯಂ ಕೂಡ ಕೆನಡದ ಸಾಂಗೋಮ ಕಂಪೆನಿಗೆ ಸೇರಿತು. ಆಸ್ಟೆರಿಸ್ಕಿನ ಮೂಲ ಬರಹ ಮಾತ್ರ ಹಿಂದಿನಂತೆ ತೆರೆದೇ ಉಳಿಯಿತು. ಹೆಸರನ್ನು ಮಾರಬಹುದು, ಕಂಪೆನಿಯನ್ನು ಮಾರಬಹುದು. ಒಮ್ಮೆ ಊರಿಗೆಲ್ಲ ಹಂಚಿದ ವಿದ್ಯೆಯನ್ನು ಮರಳಿ ಪೆಟ್ಟಿಗೆಗೆ ತುಂಬುವುದು ಕಷ್ಟ.

ಸ್ಟ್ರೋಜರನ ಸಂಶಯ ಆಪರೇಟರಿನ ಮೇಲಿತ್ತು. ಅವಳನ್ನು ಎಬ್ಬಿಸಿ ಯಂತ್ರವನ್ನು ಕೂರಿಸಿದರೆ ಅನ್ಯಾಯ ತಪ್ಪೀತೆಂದು ಅವನು ಭಾವಿಸಿದ. ಯಂತ್ರವೂ ತನ್ನ ಯಜಮಾನನ ಮಾತನ್ನೇ ಕೇಳುತ್ತದೆಂಬುದು ಅವನಿಗೆ ತೋಚಿರಲಾರದು. ಶತಮಾನ ಕಳೆದು ಬಂದ ವಿದ್ಯಾರ್ಥಿ ಆ ಸಂಶಯಕ್ಕೆ ಬೇರೊಂದು ಉತ್ತರ ಕೊಟ್ಟ: ಸ್ವಿಚ್‌ಬೋರ್ಡಿನ ಮುಂದೆ ಯಾರು ಬೇಕಾದರೂ ಕೂರಲಿ, ಅದರ ಹಿಂಬದಿಯನ್ನು ಎಲ್ಲರೂ ನೋಡುವಂತಿರಲಿ. ಮುಂದಿನ ಸಾರಿ ಒಂಬತ್ತನ್ನು ಒತ್ತಿ ಕಾಯುವಾಗ ಓದುಗರು ಇದನ್ನು ನೆನೆಯಬಹುದು. ಕಾಯಿಸುವ ಆ ಸಾಲನ್ನು ಬರೆದವರೂ ಮನುಷ್ಯರೇ. ಅದನ್ನು ತಿದ್ದಬಲ್ಲವರೂ ಮನುಷ್ಯರೇ.